ಶಾವಿಗೆ ಒರಳಿನ ರಿಪೇರಿ: ವಾಲಿದ ತಿರುಪು, ಮುಚ್ಚಿದ ತೂತು

ತೀರ್ಥಹಳ್ಳಿ ಕಡೆಯ ನಮ್ಮ ಹಳೇ ಮನೆಯ ಅಟ್ಟದಲ್ಲಿ ಗೋಣಿಚೀಲ ಸುತ್ತಿಟ್ಟಿದ್ದ ಶಾವಿಗೆ ಒರಳನ್ನು ಏಪ್ರಿಲ್‌ನಲ್ಲಿ ಬೆಂಗಳೂರಿಗೆ ಹೊತ್ತು ತಂದೆ. ಅದರಲ್ಲಿ ಕೊನೆಯ ಸಲ ಶಾವಿಗೆ ಒತ್ತಿದ್ದು 16 ವರ್ಷದ ಹಿಂದೆ, ಅಜ್ಜಿ ಇದ್ದಾಗ. ಆಮೇಲೆ "ತಿರುಗೋದೇ ಇಲ್ಲ, ಹಿಟ್ಟೆಲ್ಲ ಮೇಲೆ ಬರ್ತದೆ" ಅಂತ ಅಟ್ಟಕ್ಕೆ ಹೋದದ್ದು ಕೆಳಗೆ ಇಳಿದಿರಲಿಲ್ಲ. ಐದು ವಾರಾಂತ್ಯ ಹಿಡಿಯಿತು ಅದನ್ನು ಸರಿ ಮಾಡಲು. ಇಂಥದ್ದೇ ಒರಳು ಇನ್ನೂ ಎಷ್ಟೋ ಅಟ್ಟಗಳ ಮೇಲೆ ಇರುವುದು ಗೊತ್ತಿರುವುದರಿಂದ, ಏನು ಮಾಡಿದೆ, ಎಲ್ಲಿ ತಪ್ಪಿದೆ ಅನ್ನುವುದನ್ನು ಬರೆದಿಡುತ್ತಿದ್ದೇನೆ.

ಮೊದಲು, ಹೊಸದೊಂದು ಕೊಂಡರಾಗದೇ ಅನ್ನುವ ಪ್ರಶ್ನೆ. ಮನೆಯಲ್ಲಿ ಚಕ್ಕುಲಿ ಒರಳು ಇದೆ, ಅದಕ್ಕೆ ಸಣ್ಣ ತೂತಿನ ಬಿಲ್ಲೆಯೂ ಇದೆ. ಕೇರಳದ ಇಡಿಯಪ್ಪ, ಶ್ರೀಲಂಕಾದ ಇಂದಿ ಆಪ್ಪ ಮಾಡಲು ಅಂಥದ್ದು ಸಾಕು. ಅಲ್ಲಿ ಅಕ್ಕಿಹಿಟ್ಟಿಗೆ ಬಿಸಿನೀರು ಹಾಕಿ ಕಲಸಿ, ಮೊದಲು ಒತ್ತಿ, ಆಮೇಲೆ ಹಬೆಯಲ್ಲಿ ಬೇಯಿಸುತ್ತಾರೆ. ಹಿಟ್ಟು ಮೆದು, ಕೈಬಲ ಸಾಕಾಗುತ್ತದೆ. ನಮ್ಮ ಮಲೆನಾಡಿನ ಒತ್ತು ಶಾವಿಗೆಯ ಕ್ರಮ ಇದಕ್ಕೆ ತಿರುಗುಮುರುಗು. ಅಕ್ಕಿ ನೆನೆಸಿ, ರುಬ್ಬಿ, ಬಾಣಲೆಯಲ್ಲಿ ಕಾಸಿ ಮುದ್ದೆ ಮಾಡಿ, ಉಂಡೆ ಕಟ್ಟಿ, ಪೂರ್ತಿ ಬೇಯಿಸಿ, ಕೊನೆಗೆ ಒತ್ತುವುದು. ಒರಳಿನಿಂದ ಇಳಿದ ಎಳೆ ನೇರ ತಟ್ಟೆಗೆ. ಬೆಂದ ಉಂಡೆ ಅಂಟು ಅಂಟಾಗಿ, ಬಿಗಿಯಾಗಿರುತ್ತದೆ. ಚಕ್ಕುಲಿ ಒರಳಿನಲ್ಲಿ ಅದನ್ನು ಒತ್ತಲು ಹೋಗಿ ಅಕ್ಕ ಒಮ್ಮೆ ಹಿಡಿಯನ್ನೇ ಮುರಿದಿದ್ದಾಳೆ. ಇದಕ್ಕೆ ಮುಕ್ಕಾಲಿಯ ಮೇಲೆ ನಿಂತ ದಪ್ಪ ತಿರುಪಿನ ಒರಳೇ ಬೇಕು.

ತಂದಾಗ ಇದ್ದದ್ದು ಹೀಗೆ. ಮೂರು ಕಬ್ಬಿಣದ ಕಾಲು, ನಡುವೆ ಹಿತ್ತಾಳೆಯ ಕೊಳವೆ. ಒಳವ್ಯಾಸ 70 ಮಿ.ಮೀ., ಹಿಟ್ಟು ಹಿಡಿಯುವ ಆಳ 10 ಸೆಂ.ಮೀ. ಕೊಳವೆಯ ಎರಡು ಬದಿಯಿಂದ ಎದ್ದ ಎರಡು ಕಂಬಿ, ಅವುಗಳ ತಲೆಗೆ ಅಡ್ಡಪಟ್ಟಿ, ಪಟ್ಟಿಯ ನಡುವೆ ಹಿತ್ತಾಳೆಯ ನಟ್ಟು. ಅದರೊಳಗೆ ಇಳಿಯುವ ಕಬ್ಬಿಣದ ತಿರುಪು, ತಿರುಪಿನ ತುದಿಗೆ ಹಿಟ್ಟನ್ನು ಒತ್ತುವ ದಿಂಡು, ತಲೆಯಲ್ಲಿ ಅಡ್ಡಕ್ಕೆ ತೂರಿಸಿದ ಅರ್ಧ ಮೀಟರ್ ಉದ್ದದ ಹಿಡಿ. ಒಟ್ಟು ತೂಕ ಒಂಬತ್ತೂವರೆ ಕೆ.ಜಿ. ತಿರುಪು ಅರ್ಧಕ್ಕೆ ಇಳಿದು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಕೊಳವೆಯ ಅಡಿಯ ತೂತಿನ ಬಿಲ್ಲೆಯ ತುಂಬ ಹಸಿರು ಕಿಲುಬು. ಹಿಡಿಯ ಒಂದು ತುದಿಯ ಮರದ ಗುಬುಟು ಇರಲಿಲ್ಲ.

ತುಕ್ಕು ಬಿಡಿಸಿದ್ದು

ಕಚ್ಚಿಕೊಂಡ ತಿರುಪನ್ನು ಬಲ ಹಾಕಿ ತಿರುಗಿಸಬೇಡಿ. ನಟ್ಟು ಹಿತ್ತಾಳೆಯದು, ತಿರುಪು ಕಬ್ಬಿಣದ್ದು. ಹಟ ಮಾಡಿದರೆ ಮೆದುವಾದ ಹಿತ್ತಾಳೆಯ ಮರೆ (ತಿರುಪು ಕೂರುವ ಸುತ್ತುಗೆರೆ) ಕಿತ್ತು ಬರುತ್ತದೆ. ಒರಳನ್ನು ತಲೆಕೆಳಗಾಗಿ ನಿಲ್ಲಿಸಿ ನಟ್ಟಿನ ಸುತ್ತ ಸೀಮೆಎಣ್ಣೆ ಬಿಟ್ಟೆ, ಹಳೇ ಬನಿಯನ್ ಬಟ್ಟೆ ಸುತ್ತಿ ಅದನ್ನೂ ತೋಯಿಸಿದೆ. ಬೆಳಿಗ್ಗೆ ಸಂಜೆ ಎರಡೆರಡು ಚಮಚ. ಮೂರನೇ ದಿನ ಮರದ ಕೊಡತಿಯಿಂದ ಹಿಡಿಗೆ ಎಡಕ್ಕೊಂದು ಬಲಕ್ಕೊಂದು ಮೆತ್ತಗೆ ತಟ್ಟಿದಾಗ ಕೂದಲೆಳೆಯಷ್ಟು ಅಲುಗಿತು. ಅಷ್ಟು ಅಲುಗಿದರೆ ಸಾಕು, ಹಿಂದೆ ಮುಂದೆ ಮಾಡುತ್ತಾ ಒಂದು ಗಂಟೆಯಲ್ಲಿ ಪೂರ್ತಿ ಹೊರಗೆ ಬಂತು.

ತಂತಿ ಬ್ರಷ್ಷಿನಿಂದ ತಿರುಪಿನ ಮರೆಗಳನ್ನು ಉಜ್ಜಿದೆ. ಮರೆಯಿಂದ ಮರೆಗೆ 6 ಮಿ.ಮೀ. ಅಂದರೆ ಹಿಡಿಯ ಒಂದು ಸುತ್ತಿಗೆ ದಿಂಡು 6 ಮಿ.ಮೀ. ಇಳಿಯುತ್ತದೆ, ಕೊಳವೆ ಖಾಲಿಯಾಗಲು ಸುಮಾರು 16 ಸುತ್ತು. ಸೀಮೆಎಣ್ಣೆ ಮುಟ್ಟಿದ ಎಲ್ಲವನ್ನೂ ವಾಷಿಂಗ್ ಸೋಡಾ ಹಾಕಿದ ಕುದಿನೀರಿನಲ್ಲಿ ಎರಡು ಸಲ ತೊಳೆದು, ಬೂದಿಯಿಂದ ಉಜ್ಜಿ, ಬಿಸಿಲಿಗಿಟ್ಟೆ. ವಾಸನೆ ಹೋಗಿದೆಯೋ ಇಲ್ಲವೋ ಅಂತ ಮೂಗಿನಿಂದ ನೋಡಿದೆ, ಮತ್ತೊಮ್ಮೆ ತೊಳೆದೆ.

ತಿರುಪಿಗೆ ಗ್ರೀಸ್ ಹಾಕಲೇಬಾರದು. ತಿರುಪು ಹಿಟ್ಟಿನ ನೇರ ಮೇಲಿದೆ, ಬಿಸಿ ಹಬೆ ತಾಗಿದರೆ ಗ್ರೀಸ್ ಕರಗಿ ಇಳಿಯುತ್ತದೆ. ಕೆಲಸದ ಹೊತ್ತಿಗೆ ತೆಂಗಿನೆಣ್ಣೆ, ಎತ್ತಿಡುವಾಗ ಹರಳೆಣ್ಣೆ. ಹರಳೆಣ್ಣೆ ಮಂದ, ಒಣಗಿ ಅಂಟಾಗುವುದಿಲ್ಲ, ತಿನ್ನುವ ಪದಾರ್ಥಕ್ಕೆ ಒಂದು ಹನಿ ತಾಗಿದರೂ ಭಯವಿಲ್ಲ.

ಅರವತ್ತೊಂದು ತೂತು

ಬಿಲ್ಲೆಯನ್ನು ಬೆಳಕಿಗೆ ಹಿಡಿದಾಗ 52 ತೂತು ಕಂಡವು. ಆದರೆ ಸಾಲು ನೋಡಿದರೆ ಲೆಕ್ಕ ಬೇರೆ: ನಡುವೆ ಒಂದು, ಅದರ ಸುತ್ತ 6, ಆಮೇಲೆ 12, 18, 24. ಒಟ್ಟು 61. ಅಂದರೆ 9 ಮುಚ್ಚಿದ್ದವು. ಯಾವ ಕಾಲದ್ದೋ ಹಿಟ್ಟು ಒಣಗಿ ಕಲ್ಲಾಗಿತ್ತು. ಡ್ರಿಲ್ ಹಾಕುವ ಆಸೆ ಬಂತು, ಹಾಕಲಿಲ್ಲ. ಒಂದೊಂದು ತೂತು ಒಂದೂವರೆ ಮಿ.ಮೀ.; ಡ್ರಿಲ್ ಸ್ವಲ್ಪ ಜಾರಿದರೂ ಆ ತೂತು ದೊಡ್ಡದಾಗುತ್ತದೆ, ಹಿಟ್ಟು ಸುಲಭದ ದಾರಿ ಹಿಡಿಯುವುದರಿಂದ ಅಲ್ಲಿಂದ ದಪ್ಪ ಎಳೆ ಓಡಿ ಬರುತ್ತದೆ, ಉಳಿದವು ಹಿಂದೆ ಬೀಳುತ್ತವೆ. ಬಿಲ್ಲೆಯನ್ನು ರಾತ್ರಿಯಿಡೀ ಬಿಸಿನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ತೆಂಗಿನ ಕಡ್ಡಿಯಿಂದ ಚುಚ್ಚಿದೆ. ಏಳು ಬಿಟ್ಟವು. ಉಳಿದ ಎರಡಕ್ಕೆ ಇನ್ನೊಂದು ರಾತ್ರಿ.

ಕಿಲುಬಿಗೆ ಹುಣಸೆಹಣ್ಣು, ಉಪ್ಪು. ಹತ್ತು ನಿಮಿಷಕ್ಕಿಂತ ಹೆಚ್ಚು ಬಿಡಬಾರದು, ಹುಳಿ ಹೆಚ್ಚಾದರೆ ಹಿತ್ತಾಳೆಯ ಮೈ ಕೆಂಪಗಾಗುತ್ತದೆ. ಕಲಾಯಿ ಹಾಕಿಸಬೇಕೇ ಅಂತ ಎರಡು ದಿನ ಯೋಚಿಸಿದೆ. ಹಿತ್ತಾಳೆ ಪಾತ್ರೆಗೆ ಕಲಾಯಿ ಬೇಕಾಗುವುದು ಹುಳಿ ಪದಾರ್ಥ ಬೇಯಿಸುವುದಕ್ಕೆ, ತುಂಬ ಹೊತ್ತು ಇಡುವುದಕ್ಕೆ. ಶಾವಿಗೆ ಹಿಟ್ಟಿನಲ್ಲಿ ಹುಳಿಯಿಲ್ಲ, ಅದು ಒರಳಿನೊಳಗೆ ಇರುವುದೂ ಎರಡು ಮೂರು ನಿಮಿಷ. ಮೇಲಾಗಿ, ನವಸಾಗರ ಉಜ್ಜಿ ಕರಗಿದ ತವರವನ್ನು ಅರಳೆಯಿಂದ ಬಳಿಯುವಾಗ ಈ ಸಣ್ಣ ತೂತುಗಳೆಲ್ಲ ಮುಚ್ಚಿಹೋಗುತ್ತವೆ. ಕಲಾಯಿ ಬೇಡ ಅಂತ ತೀರ್ಮಾನಿಸಿದೆ. ಅದರ ಬದಲು ಒಂದೇ ನಿಯಮ: ಒತ್ತಿದ ರಾತ್ರಿಯೇ ಬಿಲ್ಲೆ ಬಿಚ್ಚಿ, ತೊಳೆದು, ಒರೆಸಿ ಒಣಗಿಸುವುದು.

ಇಲ್ಲೊಂದು ಲೆಕ್ಕ ಮಾಡಿ ಖುಷಿಪಟ್ಟೆ. ಕೊಳವೆಯ ಬಾಯಿಯ ವಿಸ್ತೀರ್ಣವನ್ನು 61 ತೂತುಗಳ ಒಟ್ಟು ವಿಸ್ತೀರ್ಣದಿಂದ ಭಾಗಿಸಿದರೆ ಸುಮಾರು 36 ಬರುತ್ತದೆ. ದಿಂಡು 6 ಮಿ.ಮೀ. ಇಳಿದರೆ ಪ್ರತಿ ತೂತಿನಿಂದ ಅದರ 36 ಪಟ್ಟು, ಅಂದರೆ ಹೆಚ್ಚುಕಡಿಮೆ 21 ಸೆಂ.ಮೀ. ಎಳೆ. ಹಿಡಿಯ ಒಂದು ಸುತ್ತಿಗೆ ಒಂದು ಗೇಣು ಶಾವಿಗೆ! ತಟ್ಟೆ ಹಿಡಿದವರು ಒಂದು ಸುತ್ತಿಗೆ ತಟ್ಟೆಯನ್ನು ಎಷ್ಟು ತಿರುಗಿಸಬೇಕು ಅನ್ನುವುದು ಅಜ್ಜಿಗೆ ಕೈಯಲ್ಲೇ ಇತ್ತು. ನನಗೆ ಅಳತೆ ಪಟ್ಟಿ ಬೇಕಾಯಿತು.

ತಪ್ಪು ದಾರಿ: ರಬ್ಬರ್

ಮೂರನೇ ಶನಿವಾರ ಎಲ್ಲ ಜೋಡಿಸಿ ಒಂದು ಉಂಡೆ ಹಾಕಿ ನೋಡಿದೆ. ಎಂಟು ಸುತ್ತಿನವರೆಗೆ ಎಳೆ ಚೆನ್ನಾಗಿ ಇಳಿಯಿತು. ಆಮೇಲೆ ಹಿಡಿ ಬಿಗಿಯಾಗುತ್ತಾ ಹೋಯಿತು, ದಿಂಡಿನ ಒಂದು ಬದಿಯಿಂದ ಹಿಟ್ಟು ಮೇಲಕ್ಕೆ ಉಕ್ಕಿತು. 16 ವರ್ಷದ ಹಿಂದಿನ ದೂರು, ಅದೇ.

ದಿಂಡು ಸವೆದಿದೆ, ಸಂದು ದೊಡ್ಡದಾಗಿದೆ ಅಂತ ನಾನು ತಿಳಿದೆ. ಪೈಪು ಸಾಮಾನಿನ ಅಂಗಡಿಯಿಂದ ರಬ್ಬರ್ ಹಾಳೆ ತಂದು, ದುಂಡಗೆ ಕತ್ತರಿಸಿ ದಿಂಡಿನ ಅಡಿಗೆ ಕೂರಿಸಿದೆ. ಹಿಟ್ಟು ಮೇಲೆ ಬರುವುದು ಕಡಿಮೆಯಾಯಿತು, ಆದರೆ ಬಿಸಿಗೆ ಶಾವಿಗೆಯೆಲ್ಲ ಸೈಕಲ್ ಟ್ಯೂಬಿನ ವಾಸನೆ. ಅಷ್ಟನ್ನೂ ಎಸೆಯಬೇಕಾಯಿತು. ಅನ್ನವನ್ನು ಎಸೆಯುವುದು ನಮ್ಮ ಮನೆಯಲ್ಲಿ ಸಣ್ಣ ಮಾತಲ್ಲ, ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ. ಬಿಸಿ ಅಡುಗೆ ತಾಗುವ ಕಡೆ ಯಾವುದಕ್ಕೋ ಮಾಡಿದ ರಬ್ಬರನ್ನು ಹಾಕುವುದು ತಪ್ಪು, ವಾಸನೆ ಬರದಿದ್ದರೂ ತಪ್ಪು.

ವಾಲಿದ್ದು ಎಲ್ಲಿ

ಮರುದಿನ ಅಳೆದೆ. ಸಂದು ಅಳೆಯುವ ಗೇಜು ನನ್ನಲ್ಲಿಲ್ಲ, ಪ್ರಿಂಟರಿನ ಕಾಗದ ಇತ್ತು. ಒಂದು ಹಾಳೆ ಹೆಚ್ಚುಕಡಿಮೆ 0.1 ಮಿ.ಮೀ. ದಪ್ಪ. ಉದ್ದುದ್ದ ಪಟ್ಟಿ ಕತ್ತರಿಸಿ, ದಿಂಡಿಗೂ ಕೊಳವೆಗೂ ನಡುವೆ ಎಷ್ಟು ಹಾಳೆ ಹಿಡಿಯುತ್ತದೆ ಅಂತ ಎಣಿಸಿದೆ. ದಿಂಡು ಕೊಳವೆಯ ಬಾಯಲ್ಲಿದ್ದಾಗ ಎಡಕ್ಕೆ 3 ಹಾಳೆ, ಬಲಕ್ಕೆ 7. ಆರು ಸೆಂ.ಮೀ. ಕೆಳಗಿಳಿಸಿದಾಗ ಎಡಕ್ಕೆ 1, ಬಲಕ್ಕೆ 9.

ದಿಂಡು ಸವೆದಿದ್ದರೆ ಮೇಲೂ ಕೆಳಗೂ ಲೆಕ್ಕ ಒಂದೇ ಇರಬೇಕಿತ್ತು. ಇಳಿದಷ್ಟೂ ಎಡಕ್ಕೆ ಸರಿಯುತ್ತಿದೆ ಅಂದರೆ ತಿರುಪು ನೆಟ್ಟಗೆ ಇಳಿಯುತ್ತಿಲ್ಲ, ಓರೆಯಾಗಿ ಇಳಿಯುತ್ತಿದೆ. ಒಂದು ಬದಿ ಕೊಳವೆಗೆ ಉಜ್ಜಿ ಬಿಗಿ, ಇನ್ನೊಂದು ಬದಿ ಸಡಿಲಾಗಿ ಹಿಟ್ಟಿಗೆ ದಾರಿ. ಎರಡೂ ದೂರಿಗೆ ಕಾರಣ ಒಂದೇ. ಎರಡು ಕಂಬಿಗಳ ಪಕ್ಕ ದಾರ ಎಳೆದು ಹಿಡಿದಾಗ ಬಲಗಡೆಯದು ನಡುವೆ 4 ಮಿ.ಮೀ. ಹೊರಕ್ಕೆ ಬಾಗಿದ್ದು ಕಂಡಿತು. ಕಂಬಿ ಬಾಗಿ ಗಿಡ್ಡವಾಗಿದೆ, ಅಡ್ಡಪಟ್ಟಿ ಆ ಬದಿಗೆ ಇಳಿದಿದೆ, ನಟ್ಟು ಓರೆಯಾಗಿದೆ.

ಅಮ್ಮನಿಗೆ ಫೋನ್ ಮಾಡಿ ಕೇಳಿದೆ.

"ಅದು ಬಗ್ಗಿದ್ದಾ? ಅದು ನಿನ್ನ ಚಿಕ್ಕಪ್ಪ ಮಾಡಿದ ಕೆಲಸ ಕಣೋ. ಆ ಸಲ ನೆಂಟರ ಬಸ್ಸು ತಡ ಆಯ್ತು. ಉಂಡೆ ಬೇಯಿಸಿ ಇಟ್ಟಿದ್ದು ಪೂರಾ ಆರಿ ಹೋಗಿತ್ತು. ಅತ್ತೆ ಬೇಡ ಬೇಡ ಅಂದ್ರೂ ಕೇಳದೆ ಹಿಡಿಗೆ ಜೋತು ಬಿದ್ದು ತಿರುಗಿಸಿದ. ಟಕ್ ಅಂತು."

ಆರಿದ ಉಂಡೆ ಯಾಕೆ ಅಷ್ಟು ಹಟ ಮಾಡುತ್ತದೆ ಅನ್ನುವುದು ಅಕ್ಕಿಯ ಗಂಜಿಯ ಗುಣ. ಬೆಂದಾಗ ಪಿಷ್ಟ ನೀರು ಕುಡಿದು ಊದಿ ಮೆತ್ತಗಾಗುತ್ತದೆ. ಆರುತ್ತಾ ಬಂದಂತೆ ಅದರ ಉದ್ದನೆಯ ಸರಗಳು ಮತ್ತೆ ಹತ್ತಿರ ಸೇರಿ ಬಿಗಿದುಕೊಳ್ಳುತ್ತವೆ. ನಿನ್ನೆಯ ಅನ್ನ ಗಟ್ಟಿಯಾಗುವುದೂ ಇದರಿಂದಲೇ. ಇತ್ತ ತಿರುಪಿನ ಬಲವೂ ಸಣ್ಣದಲ್ಲ. ಹಿಡಿಯ ಎರಡು ತುದಿಗೆ ಹತ್ತತ್ತು ಕೆ.ಜಿ. ಬಲ ಹಾಕಿದರೆ, ಮುಕ್ಕಾಲು ಪಾಲು ಉಜ್ಜಾಟಕ್ಕೆ ಹೋದರೂ, ದಿಂಡಿನ ಮೇಲೆ ಒಂದು ಟನ್ನಿಗೂ ಹೆಚ್ಚು ಬೀಳುತ್ತದೆ. ಎಳೆ ಇಳಿಯುತ್ತಿರುವಾಗ ಅಷ್ಟು ಬಲ ಬೇಕಾಗುವುದೇ ಇಲ್ಲ. ಹಿಟ್ಟು ಕದಲದೆ ನಿಂತಾಗ ಮಾತ್ರ ಆ ಭಾರವೆಲ್ಲ ಕಂಬಿಗಳ ಮೇಲೆ ಬರುತ್ತದೆ. ಜೋತು ಬಿದ್ದ ಚಿಕ್ಕಪ್ಪನ ತೂಕಕ್ಕೆ ಎಷ್ಟು ಬಂದಿರಬಹುದು ಅಂತ ನೀವೇ ಲೆಕ್ಕ ಹಾಕಿ.

ನಾಲ್ಕನೇ ಶನಿವಾರ ನಮ್ಮ ಹಿಂದಿನ ರಸ್ತೆಯ ಲೇತ್ ಅಂಗಡಿಗೆ ಒಯ್ದೆ. ಅಲ್ಲಿನ ಹಿರಿಯ ಮೇಸ್ತ್ರಿ ಒರಳನ್ನು ಒಮ್ಮೆ ಸುತ್ತು ನೋಡಿ, "ಹೊಸ ದಿಂಡು ಕಡೆಸ್ಬೇಡಿ ಸರ್, ಇದು ಒಳ್ಳೇ ಎರಕ. ಕಂಬಿ ನೆಟ್ಟಗಾದ್ರೆ ಸಾಕು" ಅಂದರು. ಕೊಳವೆ ಬಿಚ್ಚಿ ಪಕ್ಕಕ್ಕಿಟ್ಟು (ಅದರ ಕೊರಳಪಟ್ಟಿ ಬೆಸುಗೆಯದು, ಬಿಸಿ ತಾಗಿದರೆ ಬಿಡುತ್ತದೆ), ಬಾಗಿದ ಕಂಬಿಯನ್ನಷ್ಟೇ ಕೆಂಪಗೆ ಕಾಯಿಸಿ, ಅಡಿಗಲ್ಲಿನ ಮೇಲೆ ನಾಲ್ಕು ಪೆಟ್ಟಿಗೆ ನೆಟ್ಟಗೆ ಮಾಡಿದರು. ನೀರಿಗೆ ಅದ್ದಲಿಲ್ಲ, ತಾನಾಗಿ ಆರಲು ಬಿಟ್ಟರು. ಎರಡೂ ಕಂಬಿ ಪಕ್ಕಪಕ್ಕ ಇಟ್ಟಾಗ ಇನ್ನೂ ಅರ್ಧ ಮಿ.ಮೀ. ಗಿಡ್ಡ. ಅಷ್ಟಕ್ಕೆ ಬೋಲ್ಟಿನ ಅಡಿಗೆ ಹಿತ್ತಾಳೆ ತಗಡಿನ ಒಂದು ಬಿಲ್ಲೆ ಕತ್ತರಿಸಿ ಹಾಕಿದೆವು. ಮನೆಗೆ ಬಂದು ಮತ್ತೆ ಕಾಗದ ಹಿಡಿದು ಎಣಿಸಿದೆ: ಬಾಯಲ್ಲಿ 5, 5. ಆರು ಸೆಂ.ಮೀ. ಕೆಳಗೆ 4, 6. ಇಷ್ಟು ಸಾಕು. ನಟ್ಟಿನಲ್ಲಿ ಸ್ವಲ್ಪ ಆಟ ಇದೆ, ಅದು ಇರಲಿ. ಒತ್ತುವಾಗ ತಿರುಪು ಹೇಗೂ ಒಂದೇ ಬದಿಗೆ ಕೂರುತ್ತದೆ.

ಹಿಡಿಯ ಗುಬುಟನ್ನು ಹಲಸಿನ ಮರದ ತುಂಡಿನಲ್ಲಿ ಕೆತ್ತಿದೆ.

ರಬ್ಬರಿನ ವಾರ, ಬೇರೆ ಊರುಗಳಲ್ಲಿ ಇದನ್ನು ಹೇಗೆ ಮಾಡಿಕೊಂಡಿದ್ದಾರೆ ಅಂತ ಹುಡುಕಿ ನೋಡಿದ್ದೆ. ಗೋಧಿಯ ಹಾಗೆ ಜಿಗುಟಾಗಿ ಎಳೆಯಲು ಬಾರದ ಧಾನ್ಯ ಇರುವ ಹಲವು ಕಡೆ ಒತ್ತುವ ಯಂತ್ರ ಹುಟ್ಟಿದೆ. ಉತ್ತರ ಚೀನಾದ ಶಾನ್‌ಶಿ, ಶಾನ್‌ಶೀ ಎಂಬ ಎರಡು ಪ್ರಾಂತ್ಯಗಳಲ್ಲಿ ಹುರುಳಿ ಗೋಧಿ ಅನ್ನುವ ಬಕ್‌ವೀಟ್ ಹಿಟ್ಟಿನ ‘ಹಲ’ ಎಂಬ ಹೆಸರಿನ ನೂಡಲ್ಸಿಗೆ ಮರದ ಸನ್ನೆಯ ಒರಳು. ಕುದಿಯುವ ಹಂಡೆಯ ಮೇಲೇ ಅಡ್ಡಲಾಗಿ ಇಟ್ಟು ಸನ್ನೆ ಒತ್ತಿದರೆ ಎಳೆ ನೇರ ನೀರಿಗೆ ಇಳಿಯುತ್ತದೆ. ಕೊರಿಯಾದ ನೆಂಗ್‌ಮ್ಯೊನ್ ಅನ್ನುವ ನೂಡಲ್ಸ್ ಕೂಡ ಹಾಗೇ ಕುದಿನೀರಿಗೆ ಒತ್ತುವಂಥದ್ದು. ಇಟಲಿಯ ವೆನೆತೊ ಕಡೆ ಗೋಧಿಯೇ ಇದ್ದರೂ ಬಿಗೊಲಿ ಅನ್ನುವ ದಪ್ಪ ಎಳೆಗೆ ನಮ್ಮದರಂಥ ತಿರುಪಿನ ಒರಳು ಉಂಟು. ಅದನ್ನು ಮರದ ಬೆಂಚಿಗೆ ಬಿಗಿದು, ಕುದುರೆ ಹತ್ತಿದ ಹಾಗೆ ಬೆಂಚಿನ ಮೇಲೆ ಕಾಲು ಚಾಚಿ ಕೂತು ತಿರುಗಿಸುತ್ತಾರೆ. ಆ ಬೆಂಚಿನಿಂದ ನಾನೊಂದು ವಿಷಯ ಕಲಿತೆ: ತಿರುಗಿಸುವವರ ಮೈಭಾರವೇ ಒರಳನ್ನು ಹಿಡಿದಿಡಬೇಕು. ನಮ್ಮ ಒರಳಿನ ಮೂರು ಕಾಲನ್ನೂ ಒಂದು ಅಗಲ ಹಲಗೆಗೆ ಬೋಲ್ಟು ಹಾಕಿ ಬಿಗಿದೆ. ತಿರುಗಿಸುವವರು ಹಲಗೆಯ ಎರಡು ಅಂಚಿನ ಮೇಲೆ ಕಾಲಿಟ್ಟು ನಿಲ್ಲುತ್ತಾರೆ. ಮೊದಲೆಲ್ಲ ಕಾಲು ಹಿಡಿದುಕೊಳ್ಳುವುದಕ್ಕೇ ಒಬ್ಬರು ಕೂರಬೇಕಿತ್ತು.

ಒತ್ತಿದ ರಾತ್ರಿ

ಐದನೇ ಶನಿವಾರಕ್ಕೆ ಅಮ್ಮ ಊರಿಂದ ಬಂದರು. ಅಕ್ಕ, ಭಾವನೂ ಬಂದರು. ಹಿಂದಿನ ರಾತ್ರಿ ಅರ್ಧ ಕೆ.ಜಿ. ಹಳೇ ಅಕ್ಕಿ ನೆನೆಹಾಕಿದ್ದೆ. ಒಂದು ಹಿಡಿ ಕಾಯಿತುರಿ, ಉಪ್ಪು ಸೇರಿಸಿ ನುಣ್ಣಗೆ, ಕೈಗೆ ತರಿ ಸಿಗದ ಹಾಗೆ ರುಬ್ಬಿದೆವು. ತರಿ ಉಳಿದರೆ ತೂತಿಗೆ ಸಿಕ್ಕಿಕೊಳ್ಳುತ್ತದೆ. ಹಿಟ್ಟು ನೀರುದೋಸೆಗಿಂತ ಸ್ವಲ್ಪ ಮಂದ. ದಪ್ಪ ತಳದ ಬಾಣಲೆಗೆ ತೆಂಗಿನೆಣ್ಣೆ ಸವರಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ, ಬಾಣಲೆಯ ಬದಿ ಬಿಟ್ಟು ಒಂದೇ ಮುದ್ದೆಯಾಗುವವರೆಗೆ ಕಾಸಿದ್ದು ಭಾವ. ಒದ್ದೆ ಕೈಯಲ್ಲಿ ಆರು ಉದ್ದನೆ ಉಂಡೆ. ಹಬೆಯಲ್ಲಿ 25 ನಿಮಿಷ.

"ಒಂದೊಂದು ಸಲಕ್ಕೆ ಎರಡೇ ತೆಗಿ, ತಕ್ಷಣ ಮುಚ್ಚಳ ಹಾಕು," ಅಂದರು ಅಮ್ಮ. "ನೆಂಟರು ಬರಲಿ, ಬಿಡಲಿ. ಉಂಡೆ ಕಾಯೋದಿಲ್ಲ."

ಮೊದಲ ಎರಡು ಉಂಡೆ ಕೊಳವೆಗೆ ಹಾಕಿದಾಗ ಕೈಗೆ ಹಬೆ ಹೊಡೆಯುತ್ತಿತ್ತು. ಹಲಗೆಯ ಮೇಲೆ ನಿಂತು ನಾನು ತಿರುಗಿಸಿದೆ, ಅಕ್ಕ ಕೆಳಗೆ ಬಾಳೆಎಲೆ ಹಾಸಿದ ತಟ್ಟೆ ಹಿಡಿದಳು. ಎಂಟನೇ ಸುತ್ತು ದಾಟುವಾಗ ಎದೆ ಡವಗುಟ್ಟಿತು. ಹಿಡಿ ಅಷ್ಟೇ ಸಲೀಸಾಗಿ ತಿರುಗಿತು. ಹತ್ತು, ಹನ್ನೆರಡು, ಹದಿನಾರು. ದಿಂಡಿನ ಮೇಲೆ ಬಂದದ್ದು ಉಗುರಂಚಿನಷ್ಟು ಹಿಟ್ಟು. ಒಟ್ಟು ಮೂರು ಸಲ ತುಂಬಿದೆವು, ಆರು ಉಂಡೆಯೂ ಬಿಸಿ ಆರುವ ಮೊದಲೇ ಮುಗಿದವು.

ಊಟಕ್ಕೆ ಬೆಲ್ಲ, ಏಲಕ್ಕಿ ಹಾಕಿದ ಕಾಯಿಹಾಲು ಒಂದು ಕಡೆ, ಖಾರಕ್ಕೆ ಕೋಳಿಸಾರು ಇನ್ನೊಂದು ಕಡೆ. ಅಮ್ಮ ಹುರಿದ ಎಳ್ಳಿನ ಪುಡಿ ಬೆಲ್ಲ ತಂದಿದ್ದರು, ಭಾವ ಅದನ್ನೇ ಕೇಳಿ ಕೇಳಿ ಹಾಕಿಸಿಕೊಂಡರು. ಮಗಳು ಮೊದಲು ಕಾಯಿಹಾಲಿನಲ್ಲಿ ಉಂಡು, ಆಮೇಲೆ ಸಾರಿನಲ್ಲಿ ಉಂಡು, ಮತ್ತೆ ಕಾಯಿಹಾಲಿಗೆ ಬಂದಳು. ಕರಾವಳಿಯಲ್ಲಿ ಇದನ್ನೇ ಸೇಮಿಗೆ ಅನ್ನುತ್ತಾರೆ, ಕೊಡಗಿನಲ್ಲಿ ನೂಪುಟ್ಟು. ಎಲ್ಲ ಕಡೆಯೂ ಇದು ಒಬ್ಬರೇ ಮಾಡಿ ಒಬ್ಬರೇ ಉಣ್ಣುವ ಅಡುಗೆಯಲ್ಲ: ತಿರುಗಿಸಲು ಒಬ್ಬರು, ಹಿಡಿಯಲು ಒಬ್ಬರು, ಉಂಡೆ ಕೊಡಲು ಇನ್ನೊಬ್ಬರು ಬೇಕು. ಒರಳು ಕೆಟ್ಟ ಮೇಲೆ ನಮ್ಮ ಮನೆಯಲ್ಲಿ ಅಂಥ ರಾತ್ರಿಗಳೇ ಕಡಿಮೆಯಾಗಿದ್ದವು. ನಾನು ಐದು ವಾರ ಇದಕ್ಕೆ ಕೊಟ್ಟದ್ದು ಅದಕ್ಕೇ.

ಉಳಿದ ಶಾವಿಗೆಯನ್ನು ಬೆಳಿಗ್ಗೆ ಸಾಸಿವೆ, ಕರಿಬೇವು, ಹಸಿಮೆಣಸು ಹಾಕಿ ಒಗ್ಗರಣೆ ಮಾಡಿ, ನಿಂಬೆಹಣ್ಣು ಹಿಂಡಿದೆವು.

ಮಾಡುವವರಿಗೆ ಒಂದೆರಡು ಮಾತು. ತಿರುಗಿಸುವಾಗ ಹಿಡಿ ಇದ್ದಕ್ಕಿದ್ದ ಹಾಗೆ ಬಿಗಿಯಾದರೆ ಅಲ್ಲೇ ನಿಲ್ಲಿಸಿ, ಒಂದು ಸುತ್ತು ಹಿಂದೆ ತಿರುಗಿಸಿ, ಉಂಡೆ ಹೊರತೆಗೆದು ಮತ್ತೆ ಹಬೆಗೆ ಇಡಿ. ಎರಡೂ ಕೈ ಒಂದೇ ಸಮ ಬಲ ಹಾಕಬೇಕು. ಒಂದೇ ಕೈಯಲ್ಲಿ ಎಳೆದರೆ ತಿರುಪು ಆ ಬದಿಗೆ ವಾಲುತ್ತದೆ. ದಿಂಡಿಗೂ ಕೊಳವೆಯ ಒಳಮೈಗೂ ಪ್ರತಿ ಸಲ ಬೆರಳಿನಿಂದ ತೆಂಗಿನೆಣ್ಣೆ ಸವರಿ. ಹಳೇ ಒರಳಿಗೆ ಯಾರಾದರೂ ಹಿಂದೆ ಸೀಸ ಸೇರಿದ ಬೆಸುಗೆಯಿಂದ ತೇಪೆ ಹಾಕಿದ್ದರೆ, ಆ ತೇಪೆ ಹಿಟ್ಟು ತಾಗುವ ಜಾಗದಲ್ಲಿದ್ದರೆ, ಆ ಕೊಳವೆಯನ್ನು ಬಳಸಬೇಡಿ. ನಮ್ಮದರ ಬೆಸುಗೆ ಹೊರಮೈಯಲ್ಲಿತ್ತು, ಹಾಗಾಗಿ ಉಳಿಸಿಕೊಂಡೆ.

ಪಾತ್ರೆ ತೊಳೆಯುವಾಗ ಬಿಲ್ಲೆಯನ್ನು ಮಗಳ ಕೈಗೆ ಕೊಟ್ಟೆ. ದೀಪಕ್ಕೆ ಹಿಡಿದು ಎಣಿಸಿದಳು, ಅರವತ್ತು ಬಂತು. ಇನ್ನೊಮ್ಮೆ ಎಣಿಸಿದಳು, ಅರವತ್ತೇ. ಹೊರಗಿನ ಸಾಲಿನಲ್ಲಿ ಒಂದು ಮುಚ್ಚಿತ್ತು. ಪೊರಕೆಯಿಂದ ಹೊಸ ತೆಂಗಿನ ಕಡ್ಡಿ ಕಿತ್ತು ತಂದು ಅವಳೇ ಚುಚ್ಚಿದಳು.